ಯಮನೂರಮ್ಮ ತೆಗೆದ ಬೆಳಕಿಂಡಿ

ಹುಸೇನ್‌ಬೀ ಬಿಸಿನೀರು ಹಾಕಿ ಯಮನೂರಮ್ಮನ ಬೆರಳುಗಳ ಸಂದಿಯ ಸುಣ್ಣವನ್ನು ಉಜ್ಜುತ್ತಿದ್ದಳು. ಎಷ್ಟು ಉಜ್ಜಿದರೂ ಅದು ಬಿಡಲಿಲ್ಲ.

‘ಬಿಡು ಚಿಗವ್ವ,’ ಎಂದಳು ಯಮನೂರಮ್ಮನ ಮಗಳು ಕನಕಮ್ಮ. ‘ಅದು ಆಕಿ ಚರ್ಮನ ಆಗೈತಿ.’

ಪಾಮನಕಲ್ಲೂರಿನಲ್ಲಿ ಯಮನೂರಮ್ಮನ ಕೈ ತಾಗದ ಹಳೇ ಮನೆ ಕಡಿಮೆ. ಗೌಂಡಿ ಗಂಡ ತೀರಿಕೊಂಡ ಮೇಲೆ ಅವನ ಕರಣಿಯನ್ನು ಅವಳೇ ಹಿಡಿದಳು. ಹೊಸ ಮನೆ ಕಟ್ಟಲಿಲ್ಲ. ಮಾಳಿಗೆಯ ಕೊಳೆತ ಮಣ್ಣು ತೆಗೆದು ಮಳೆನೀರು ಇಳಿಯಗೊಡದ ಸವುಳು ಮಣ್ಣು ಹಾಸುವುದು, ಒಳಗೆ ಬಿಸಿಲು ಬೀಳಲು ಮಾಳಿಗೆಯಲ್ಲೇ ಬೆಳಕಿಂಡಿ ತೆಗೆಯುವುದು, ಹೊಗೆ ಹೊರಗೆ ಹೋಗುವಂಥ, ಅರ್ಧ ಕಟ್ಟಿಗೆ ಸಾಕಾಗುವ ಒಲೆ ಹಾಕುವುದು ಅವಳ ಕೆಲಸ. ಇಪ್ಪತ್ತು ವರ್ಷ ಅವಳಿಗೆ ಮಣ್ಣು ಕಲಸಿಕೊಟ್ಟವಳು ಹುಸೇನ್‌ಬೀ. ನಿನ್ನೆ ಮಧ್ಯಾಹ್ನದವರೆಗೂ ಇಬ್ಬರೂ ಗೋಡೆಗೆ ಸುಣ್ಣ ಬಳಿದಿದ್ದರು. ಬುತ್ತಿ ಬಿಚ್ಚುವ ಹೊತ್ತಿಗೆ ಯಮನೂರಮ್ಮ ಗೋಡೆಗೊರಗಿ ಕೂತವಳು ಮತ್ತೆ ಏಳಲಿಲ್ಲ.

ಅಂಗಳಕ್ಕೆ ಮುದುಕ ಆದೆಪ್ಪ ಹೆಂಡತಿ ಕಲ್ಯಾಣಮ್ಮನೊಂದಿಗೆ ಬಂದಾಗ ಅಳುತ್ತಿದ್ದ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಒಂಬತ್ತು ವರ್ಷದ ಹಿಂದೆ ಅವನು ಯಮನೂರಮ್ಮನನ್ನು ಬೈದದ್ದು ಊರಿಗೆಲ್ಲ ಗೊತ್ತಿತ್ತು.

‘ಏನ್ರೀ ಆದೆಪ್ಪನೋರ, ಈಗರ ಸಿಟ್ಟು ಇಳಿದೈತೇನ್ರಿ?’ ಎಂದು ಹುಸೇನ್‌ಬೀ ಕೇಳಿದಳು.

* * *

ಅದು ಎಂಬತ್ತಾರನೇ ಇಸವಿಯ ಬೇಸಿಗೆ. ಆದೆಪ್ಪನ ಅಡುಗೆಮನೆಯಲ್ಲಿ ನಡು ಮಧ್ಯಾಹ್ನವೂ ಕತ್ತಲು. ಹೊಗೆಯಲ್ಲಿ ಕಲ್ಯಾಣಮ್ಮ ಕೆಮ್ಮಿ ಕೆಮ್ಮಿ ಸೊರಗಿದ್ದಳು. ಅಪ್ಪ ಕಟ್ಟಿಸಿದ ಮಾಳಿಗೆಗೆ ತೂತು ಹಾಕಿದರೆ ಲಕ್ಷ್ಮಿ ಹಾರಿಹೋಗುತ್ತಾಳೆ ಎಂದು ಆದೆಪ್ಪ ಮೂರು ಸಲ ಯಮನೂರಮ್ಮನನ್ನು ಬಾಗಿಲಿಂದಲೇ ಕಳಿಸಿದ್ದ. ಅವನು ಮಸ್ಕಿ ಸಂತೆಗೆ ಹೋದ ದಿನ ಕಲ್ಯಾಣಮ್ಮ ತಾನೇ ಹೇಳಿಕಳಿಸಿದಳು. ಯಮನೂರಮ್ಮ, ಹುಸೇನ್‌ಬೀ ಇಬ್ಬರೂ ಹಾರೆ ಹಿಡಿದು ಮಾಳಿಗೆ ಹತ್ತಿದರು.

ಸಂಜೆಗೆ ಬರಬೇಕಾದವನು ಮೂರಕ್ಕೇ ಬಂದ. ಬೀದಿಯಿಂದಲೇ ಬೈಯುತ್ತ ಅಡುಗೆಮನೆಗೆ ನುಗ್ಗಿ, ಹೊಸ್ತಿಲಲ್ಲೇ ನಿಂತುಬಿಟ್ಟ. ಮೇಲಿನಿಂದ ಬಿಸಿಲು ಬೀಳುತ್ತಿತ್ತು. ಅದರ ನಡುವೆ ಕಲ್ಯಾಣಮ್ಮ ಮುಖವೆತ್ತಿ ನಿಂತಿದ್ದಳು. ಹೊರಗೆಲ್ಲೂ ತಲೆಯಿಂದ ಜಾರದ ಸೆರಗು ಜಾರಿತ್ತು.

‘ನಿನ್ನ ತಲಿ ಯಾವಾಗ ಬೆಳ್ಳಗಾತು?’ ಎಂದ ಆದೆಪ್ಪ, ಮೆಲ್ಲಗೆ.

‘ಹತ್ತು ವರ್ಷಾತ್ರಿ.’

ಯಮನೂರಮ್ಮ ಮೇಲಿನಿಂದ ಇಣುಕಿದಳು. ‘ಯಜಮಾನ್ರ, ಲಕ್ಷ್ಮಿ ಹಾರಿಹೋದಳೋ, ಕಣ್ಣಿಗೆ ಬಿದ್ದಳೋ?’

ಆದೆಪ್ಪ ಸಂತೆಯ ಚೀಲವನ್ನು ಹೊಸ್ತಿಲಲ್ಲೇ ಇಳಿಸಿ ಹೊರಗೆ ನಡೆದ. ವಾರ ಬಿಟ್ಟು, ಪಡಸಾಲೆಗೂ ಒಂದು ಬೆಳಕಿಂಡಿ ಬೇಕೆಂದು ಹೇಳಿಕಳಿಸಿದ.

* * *

‘ಸಿಟ್ಟು ಆವತ್ತ ಇಳೀತು,’ ಎಂದ ಆದೆಪ್ಪ ಹುಸೇನ್‌ಬೀಗೆ. ‘ಆಕಿ ಕೇಳಿದ್ದಕ್ಕ ಹೇಳೂದು ಉಳಿದಿತ್ತು. ಕಣ್ಣಿಗೆ ಬಿದ್ದಳವ್ವ.’

ಹುಸೇನ್‌ಬೀ ನಗುತ್ತ ಅತ್ತಳು. ಭಜನೆಯವರು ತಾಳ ಎತ್ತಿಕೊಂಡರು. ಹೆಣ ಸಾಗಿದ ದಾರಿಯುದ್ದಕ್ಕೂ ಪ್ರತಿ ಬಾಗಿಲಲ್ಲೂ ಯಾರಾದರೊಬ್ಬರು ಯಮನೂರಮ್ಮ ತಮ್ಮ ಮನೆಯವರನ್ನು ಬೆಳಕಿಂಡಿಗೋ ಒಲೆಗೋ ಒಪ್ಪಿಸಿದ ಕತೆ ಹೇಳಿ ನಗುತ್ತಿದ್ದರು. ಮಣ್ಣು ಮಾಡುವಾಗ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು.

ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಕನಕಮ್ಮನಿಗೂ ನೆಂಟರಿಗೂ ಕಲ್ಯಾಣಮ್ಮನೇ ತನ್ನ ಮನೆಯಲ್ಲಿ ಅಡುಗೆಗೆ ಕೂತಳು. ಮಿಂದು ಬಂದ ಆದೆಪ್ಪ ಎಂದಿನಂತೆ ಪಡಸಾಲೆಯಲ್ಲಿ ಕೂರದೆ ಅಡುಗೆಮನೆಗೆ ಬಂದ. ಅವಳ ಎದುರಿಗೆ ನೆಲದ ಮೇಲೆ ಕೂತು, ಬೇಳೆಯ ಮೊರವನ್ನು ತನ್ನ ತೊಡೆಗೆ ಎಳೆದುಕೊಂಡು, ಒಂದೊಂದೇ ಹರಳು ಆರಿಸತೊಡಗಿದ.