ಬೇಲಿಯ ಹೊರಗೆ ಯಾರೂ ಇಲ್ಲ

ಎಪ್ಪತ್ತೆರಡರಲ್ಲಿ ಐ.ಡಿ.ಹಳ್ಳಿ ಕಡೆಯ ನೆಟ್ಟಗಿನ ರಸ್ತೆಯ ಮೇಲೆ ಜೆಟ್ ವಿಮಾನ ಇಳಿಸುತ್ತೇವೆಂದು ಮಿಲಿಟರಿಯವರು ಬಂದರು. ಯುದ್ಧದಲ್ಲಿ ವಿಮಾನ ನಿಲ್ದಾಣಕ್ಕೇ ಬಾಂಬು ಬಿದ್ದರೆ ಸಿಕ್ಕಿದ ರಸ್ತೆಯ ಮೇಲೆ ಇಳಿದು ಏಳಬೇಕಲ್ಲ, ಅದರ ಅಭ್ಯಾಸವಂತೆ. ಇಳಿಯಲಿ, ಏಳಲಿ, ರಂಗಕ್ಕನಿಗೆ ಅದರ ಗೊಡವೆಯಿರಲಿಲ್ಲ. ಅವಳ ಜೀವವೆಲ್ಲ ರಸ್ತೆ ಬದಿಯ ಸೋಗೆ ಗುಡಿಸಲಲ್ಲಿತ್ತು. ಸೊಸೆ ಹೊನ್ನಕ್ಕ ಅಲ್ಲಿ ಹಸಿ ಬಾಣಂತಿ. ಸೂತಕ ಕಳೆಯುವ ತನಕ ತಾಯಿ, ಮಗು ಹಟ್ಟಿಯ ಮುಳ್ಳುಬೇಲಿ ದಾಟಿ ಒಳಗೆ ಬರುವಂತಿಲ್ಲ, ದೇವರಿಗೆ ಮೈಲಿಗೆ. ಹಟ್ಟಿಯೇನೋ ಬಂಡೆಯ ಮರೆಯಲ್ಲಿ ಬೆಚ್ಚಗಿತ್ತು.

ಆ ಬೆಳಿಗ್ಗೆ ಮಿಲಿಟರಿ ಸಾಹೇಬ ಜೀಪಿನಿಂದಿಳಿಯದೆಯೇ ಹಟ್ಟಿಯ ಯಜಮಾನ ಯತ್ತಪ್ಪನನ್ನು ಕೇಳಿದ: "ಬೇಲಿಯ ಹೊರಗೆ ಯಾರೂ ಇಲ್ಲ ತಾನೇ?"

"ಯಾರೂ ಇಲ್ಲ ಸ್ವಾಮಿ. ಎಲ್ಲಾ ಒಳಗವ್ರೆ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸೂತಕದ ಹೆಂಗಸನ್ನು ಹಟ್ಟಿಯ ಜನವೆಂದು ಎಣಿಸುವ ರೂಢಿಯೇ ಇರಲಿಲ್ಲ, ಗಂಡಸರು ಆ ಮಾತೂ ಎತ್ತುತ್ತಿರಲಿಲ್ಲ. ಯಜಮಾನಿಕೆಯಂತೆ, ಮಣ್ಣಾಂಗಟ್ಟಿ.

ಬಿಸಿನೀರಿನ ಗಡಿಗೆ ಹೊತ್ತು ಬಂದ ರಂಗಕ್ಕನಿಗೆ ಇದು ತಿಳಿದು ಮೈಯೆಲ್ಲ ಉರಿದುಹೋಯಿತು. "ಹೊನ್ನಿ ಹೊರಗವ್ಳೆ ಅಂತ ಯಾಕೆ ಹೇಳ್ಲಿಲ್ಲ?"

"ಮೈಲಿಗೆ ಮಾತ ಅವರತ್ರ ಹೆಂಗೆ ಆಡ್ಲಿ ಅತ್ತಿಗೆ?" ಎಂದ ಮೈದುನ ಯತ್ತಪ್ಪ.

"ನಿನ್ ಬಾಯಿಗೆ ಮಣ್ಣಾಕ," ಎನ್ನುವಷ್ಟರಲ್ಲಿ ಮೊದಲ ವಿಮಾನ ಬಂತು. ನೆಲ ನಡುಗಿತು. ಕಣ್ಣೆದುರಿಗೇ ಗುಡಿಸಲಿನ ಸೋಗೆಯೆಲ್ಲ ಕಿತ್ತು ಹಾರಿಹೋಯಿತು. ರಂಗಕ್ಕ ಗಡಿಗೆ ಬಿಸಾಕಿ ಓಡಿದಳು. ಹೊನ್ನಕ್ಕ ಮಗುವಿನ ಮೇಲೆ ಬೋರಲು ಬಿದ್ದಿದ್ದಳು. ಇಬ್ಬರೂ ಬದುಕಿದ್ದರು, ಆದರೆ ಮಗು ಅಳುವುದನ್ನೇ ಮರೆತು ಬಾಯಿ ತೆರೆದುಕೊಂಡಿತ್ತು. ಅದನ್ನು ಎತ್ತಿಕೊಂಡು, ಸೊಸೆಯನ್ನು ಎಳೆದುಕೊಂಡು ಬೇಲಿಯ ಬಾಗಿಲಿಗೆ ಬಂದರೆ ಯತ್ತಪ್ಪ ಅಡ್ಡ ನಿಂತಿದ್ದ.

"ಒಳಕ್ಕೆ ಬ್ಯಾಡ ಅತ್ತಿಗೆ. ದೇವ್ರು ಮುನೀತಾನೆ."

"ಮುನಿಯಂಗಿದ್ರೆ ನಿನ್ ಮ್ಯಾಲೆ ಮುನೀಲಿ. ಇರೋ ಎರಡು ಜೀವಾನ ಇಲ್ಲ ಅಂದೋನು ನೀನು." ರಂಗಕ್ಕ ಮಗುವನ್ನು ಅವನ ಎದೆಗೇ ಒತ್ತಿ ಕೈಬಿಟ್ಟಳು. ಬೀಳುತ್ತದೆಂದು ಅವನು ಗಬಕ್ಕನೆ ಹಿಡಿದುಕೊಂಡ. "ಮುಟ್ಟಿದ್ಯಲ್ಲ, ಈಗ ನಿಂಗೂ ಸೂತಕ. ನೀನೂ ಹೊರಗಿನೋನೇ. ಹೋಗು, ಆ ಗುಡ್ಲಾಗೆ ಕುಂತ್ಕೊ."

ಅಷ್ಟರಲ್ಲಿ ಎರಡನೇ ವಿಮಾನದ ಸದ್ದು ಬೆಟ್ಟದ ಕಡೆಯಿಂದ ಏರಿ ಬಂತು. ಯತ್ತಪ್ಪ ಗುಡಿಸಲನ್ನು ನೋಡಿದ, ದೇವರ ಗುಡಿಯನ್ನು ನೋಡಿದ. ಮಗುವನ್ನು ಅವುಚಿಕೊಂಡು ಹಟ್ಟಿಯೊಳಗೆ ಓಡಿದ.

ಅವನ ಹಿಂದೆಯೇ ಹೊನ್ನಕ್ಕ ಬೇಲಿ ದಾಟಿದಳು.