ಶುದ್ಧ ಮಣ್ಣು

ಮಣ್ಣು ಹುಡುಕಲು ಹೋದ ಹನ್ನೊಂದು ಮಕ್ಕಳಲ್ಲಿ ಒಂಬತ್ತು ವಾಪಸು ಬಂದಿದ್ದವು. ಉಳಿದಿಬ್ಬರಿಗಾಗಿ ಸಬಾ ಮಸೀದಿಯ ಗೇಟಿನಲ್ಲಿ ನಿಂತಿದ್ದಳು. ಬೆಳಗ್ಗೆ ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಅಲ್ಲಾಳಸಂದ್ರದ ಈ ಮಕ್ತಬಿನಲ್ಲಿ ಧರ್ಮಪಾಠ ಹೇಳುತ್ತಿದ್ದಳು. ಕಾಲು ಪದ ಹೇಳುತ್ತಿದ್ದವು.

ಅಂದು ನೀರಿನ ಟ್ಯಾಂಕರ್ ಬಂದಿರಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವುದು ಹೇಗೆ ಎಂದು ಮಕ್ಕಳೇ ಕೇಳಿದ್ದರು. ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಂಡರೂ ಆಗುತ್ತದೆ, ಅದು ತಯಮ್ಮುಮ್ ಎಂದಳು ಸಬಾ. ಯಾವ ಮಣ್ಣು ಶುದ್ಧ ಎಂಬುದನ್ನು ಮಾತ್ರ ಹೇಳದೆ ಹುಡುಕಲು ಕಳಿಸಿದಳು. ತಿಳಿವಳಿಕೆಯನ್ನು ಮಕ್ಕಳು ತಾವೇ ಕಟ್ಟಿಕೊಳ್ಳಬೇಕು, ಬಾಯಿಗೆ ತುರುಕಬಾರದು ಎಂದು ಬಿ.ಎಡ್.ನಲ್ಲಿ ಓದಿದ್ದಳು. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆಯುವ ಆ ಮಾತನ್ನು ಇವಳು, ಪಾಪ, ನಂಬಿಬಿಟ್ಟಿದ್ದಳು.

ಎದುರುಮನೆಯ ಕೃಷ್ಣಮ್ಮ ಇಬ್ಬರ ಕೈ ಹಿಡಿದು ಕರೆತಂದರು. "ನಮ್ ತುಳಸಿಕಟ್ಟೆ ಕೆದಕ್ತಾ ಇದ್ರು ಕಣಮ್ಮ. ಏನ್ ಮಾಡ್ತಿದೀರಾ ಅಂದ್ರೆ, ಎಲ್ಲಾ ಕಡೆ ಸಿಮೆಂಟು, ಕ್ಲೀನಾಗಿರೋದು ಇದೊಂದೇ ಮಣ್ಣು ಅಂತಾವೆ!" ಅವರು ನಗುತ್ತಲೇ ಹೋದರು.

ಮಕ್ತಬಿನ ಕಾರ್ಯದರ್ಶಿ ಜಿಯಾವುಲ್ಲಾ ಸಾಹೇಬರು ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದು ಬೆವರು ಒರೆಸಿಕೊಂಡರು.

"ಆಯಮ್ಮ ಒಳ್ಳೆಯವ್ರು, ನಕ್ಕರು. ಅಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ? ಫೋಟೋ ತೆಗ್ದು ಕಳಿಸಿದ್ರೆ?"

"ಮಕ್ಕಳು ಯೋಚನೆ ಮಾಡಿದ್ವು, ಸಾಹೇಬ್ರೇ. ತಪ್ಪೇನಿದೆ?"

"ತಪ್ಪು ಅಂದ್ನಾ ಬೇಟಿ? ಭಯ ಅಂದೆ. ಒಪ್ಪಿಸೋದು ಕಲಿಸು, ಸಾಕು. ಆಗಲ್ಲ ಅಂದ್ರೆ ಸೋಮವಾರದಿಂದ ಮುಜಫ್ಫರ್ ಬರ್ತಾನೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಬಾಗೆ ಜಗಳವಾಡುವುದು ಸುಲಭವಿತ್ತು.

ಮುಜಫ್ಫರನ ಪಾಠ ಅವಳಿಗೆ ಗೊತ್ತು: ಬರೀ ಗಿಣಿಪಾಠ, ಪ್ರಶ್ನೆ ಕೇಳಿದರೆ ಬೆತ್ತ. ಮಕ್ಕಳನ್ನು ಅವನ ಕೈಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಒಳಗೆ ಹೋಗಿ ಬೋರ್ಡಿನ ಮೇಲೆ ತಯಮ್ಮುಮ್‌ನ ನಿಯಮಗಳನ್ನು ಸಾಲಾಗಿ ಬರೆದಳು. "ನಾನು ಹೇಳಿದ ಹಾಗೇ ಹೇಳಿ."

ಮಕ್ಕಳು ಹೇಳಿದವು. ಸಾಹೇಬರು ಬಾಗಿಲಲ್ಲಿ ನಿಂತು ತಲೆದೂಗಿದರು.

ಹಿಂದಿನ ಸಾಲಿನಲ್ಲಿ ನಾಜ್ನೀನ್ ಕೈ ಎತ್ತಿದಳು. ಅಂಗೈ ತುಂಬ ಇಟ್ಟಿಗೆಯ ಕೆಂಪು ಪುಡಿ. "ಟೀಚರ್, ಇಟ್ಟಿಗೇನೂ ಮಣ್ಣೇ ಅಲ್ವಾ? ಹಾಗಾದ್ರೆ ಗೋಡೆ ಮುಟ್ಟಿದ್ರೂ..."

ಸರಿಯಾದ ಉತ್ತರ ಅದೇ. ಸಬಾಳ ಎದೆ ಹಿಗ್ಗಿತು, ಮರುಕ್ಷಣವೇ ಬಾಗಿಲ ಕಡೆ ಕಣ್ಣು ಹೋಯಿತು.

"ಪಾಠ ಮುಗೀಲಿ, ಕೂತ್ಕೋ" ಎಂದು ಬೋರ್ಡಿನತ್ತ ತಿರುಗಿದಳು.

ನಾಜ್ನೀನ್ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ಎಲ್ಲರಿಗಿಂತ ಜೋರಾಗಿ ಒಪ್ಪಿಸತೊಡಗಿದಳು.