ಒಲೆಯ ಮೇಲಿನ ಬೆಳಕಿಂಡಿ

ಆದಾಯ ಪ್ರಮಾಣಪತ್ರಕ್ಕೆಂದು ನಂಜನಗೂಡಿಗೆ ಅಲೆದು ಅಲೆದು ಸುಪ್ರಿಯಾಳಿಗೆ ಸಾಕುಸಾಕಾಗಿತ್ತು. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ ಅವಳಿಗೆ ಈವರೆಗೆ ಯಾವ ಸ್ಕಾಲರ್‌ಶಿಪ್ಪೂ ದಕ್ಕಿರಲಿಲ್ಲ. ಕೊನೆಗೆ ಒಂದು ಟ್ರಸ್ಟಿನವರು, ನಿಮಗಿಷ್ಟವಾದ ಕಟ್ಟಡವೊಂದರ ಚಿತ್ರ ಬರೆದು ಕಳಿಸಿ ಎಂದಾಗ ಅವಳು ತನ್ನೂರು ಹೆಡತಲೆಯಲ್ಲಿದ್ದ ತಮ್ಮ ಹೆಂಚಿನ ಮನೆಯ ಅಡುಗೆಕೋಣೆಯನ್ನೇ ಬರೆದಳು. ಮಸಿ ಹಿಡಿದ ಗೋಡೆ, ಒಲೆಯ ಮೇಲೆ ಸೂರಿನಲ್ಲೊಂದು ಬೆಳಕಿಂಡಿ. ಹೊಗೆ ಅದರಿಂದಲೇ ಹೊರಗೆ ಹೋಗುತ್ತಿತ್ತು, ಬಿಸಿಲು ಅದರಿಂದಲೇ ಕೋಲಿನ ಹಾಗೆ ಒಳಗಿಳಿಯುತ್ತಿತ್ತು. ಟ್ರಸ್ಟಿನ ಮೇಡಂಗೆ ಚಿತ್ರ ಹಿಡಿಸಿತು. ಮನೆಯನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸುತ್ತೇನೆ ಎಂದರು.

ಅವರ ಕಾರಿನಲ್ಲೇ ಊರಿಗೆ ಬಂದಿಳಿದ ಸುಪ್ರಿಯಾ ಅಡುಗೆಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಗೆ ಬಳಿದ ಸುಣ್ಣ ಇನ್ನೂ ಹಸಿಯಾಗಿತ್ತು. ಬೆಳಕಿಂಡಿಗೆ ತಗಡು ಹೊಡೆಸಲಾಗಿತ್ತು. ಒಲೆಯಿದ್ದ ಜಾಗದಲ್ಲಿ ಪಕ್ಕದ ಮನೆಯ ಗ್ಯಾಸ್ ಸ್ಟವ್ ಕೂತಿತ್ತು.

"ದೊಡ್ಡೋರು ಬತ್ತಾರೆ ಅಂದ್ಯಲ್ಲವ್ವ, ಮಸಿ ಗ್ವಾಡೆ ತೋರ್ಸಕಾದದಾ? ನೆನ್ನೆ ಕೂಲಿಗೂ ಓಗ್ನಿಲ್ಲ ಕಣವ್ವ," ಎಂದಳು ಅವಳ ತಾಯಿ ಮಾದಮ್ಮ, ಸುಣ್ಣ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.

ಸುಪ್ರಿಯಾಳಿಗೆ ಕೂಗಾಡಬೇಕೆನಿಸಿತು. ಆದರೆ ಕೂಗಾಡುವಷ್ಟು ಕಸುವೂ ಅವಳಲ್ಲಿ ಉಳಿದಿರಲಿಲ್ಲ.

ಮೇಡಂ ಅವಳ ಚಿತ್ರವನ್ನು ಕೈಯಲ್ಲಿ ಹಿಡಿದು, ಕತ್ತಲ ಕೋಣೆಯಲ್ಲಿ ಕತ್ತೆತ್ತಿ ಸೂರನ್ನು ಹುಡುಕಿದರು.

"ನೀನು ಬರೆದಿದ್ದ ಬೆಳಕು ಎಲ್ಲಮ್ಮ?"

ಸುಪ್ರಿಯಾ ಬಾಯಿ ತೆರೆಯುವ ಮೊದಲೇ ಮಾದಮ್ಮ ಸಡಗರದಿಂದ ಮುಂದೆ ಬಂದಳು.

"ಬೆಳ್ಕಾ? ಅದೆ ಮೇಡಮ್ಮೋರೇ, ತಡೀರಿ," ಎಂದು ಸ್ವಿಚ್ ಒತ್ತಿದಳು.